ಎರಡು ಹೆಲ್ಮೆಟ್

“ಈ ಎರಡರಾಗ ನಮ್ಮದ್ಯಾವ್ದು ತಂಗಿ?”

ಭಾವ ಉಜ್ಜಿನಪ್ಪ ಶೆಡ್ಡಿನ ಗೋಡೆಯತ್ತ ಕೈ ತೋರಿಸಿದ. ಒಂದು ಮೊಳೆಗೆ ಕಪ್ಪು ಹೆಲ್ಮೆಟ್. ಅದರ ಎಡಗೆನ್ನೆಯ ಮೇಲೆ ಅಂಗೈ ಅಗಲ ಅರೆದ ಗುರುತು. ಪಕ್ಕದ ಮೊಳೆಗೆ ಬಿಳಿಯದು.

“ಕರೇದು ನಮ್ದು, ಭಾವಾರ. ಬಿಳೇದು ಅವರು ಎರವಲು ತಂದಿದ್ದು. ತಿರುಗಿ ಕೊಡಬೇಕು,” ಅಂದಳು ಶೈಲಶ್ರೀ.

ಅವಳ ಗಂಡ ಮುರುಗೇಶನ ಹನ್ನೊಂದನೆಯ ದಿನದ ಗಣಾರಾಧನೆ ನಿನ್ನೆ ಮುಗಿದಿತ್ತು. ಬಂಧುಗಳು ಬಸ್ಸು ಹತ್ತಿದ್ದರು. ಹೊಸಪೇಟೆಯ ಆ ಮನೆಗೆ ಇಂದು ಮೊದಲ ಸಾದಾ ಬೆಳಗು. ಹಾಲಿನವನು ಇನ್ನು ಅರ್ಧ ಲೀಟರ್ ಸಾಕೇ ಎಂದು ಕೇಳಿ ಹೋಗಿದ್ದ. ಹಾಲಿನ ಪಾತ್ರೆ ಇಳಿಸುವಾಗ ಅವಳ ಬಲ ಭುಜ ಚುಚ್ಚಿತು. ಹನ್ನೊಂದು ದಿನದಿಂದ ನೆಲದ ಮೇಲೆ ಮಲಗುತ್ತಿದ್ದಳು.

ಶೆಡ್ಡಿನ ನಡುವೆ ಟ್ರ್ಯಾಕಿನ ಬೈಕು ನಿಂತಿತ್ತು. ದೀಪವಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟ್ ಇಲ್ಲ. ರಸ್ತೆಗೆ ಇಳಿಸುವಂತಿಲ್ಲ. ಅಡಿಯಲ್ಲೆಲ್ಲ ವಡ್ಡು ಎಂಬ ಗಣಿಯೂರಿನ ಕೆಂಪು ಧೂಳು. ಅಲ್ಲಿ ಅದಿರು ಸುರಿಯುತ್ತಿದ್ದ ಹಳೆಯ ಅಂಗಳವನ್ನು ಸಮ ಮಾಡಿ, ಡಾಂಬರು ಹಾಕಿ, ಸುತ್ತ ಟೈರು ಪೇರಿಸಿ ಟ್ರ್ಯಾಕ್ ಮಾಡಿದ್ದರು. ಐದು ವರ್ಷ, ಭಾನುವಾರ ಬಂತೆಂದರೆ ಗಂಡಹೆಂಡಿರು ಅಲ್ಲಿ. ಒಬ್ಬರು ಓಡಿಸುವುದು, ಇನ್ನೊಬ್ಬರು ಟೈರುಗಳ ಆಚೆ ಉಗುರು ಕಚ್ಚುತ್ತ ನಿಲ್ಲುವುದು.

ಉಜ್ಜಿನಪ್ಪ ಕಂಪ್ಲಿಯ ತನ್ನ ಅಕ್ಕಿ ಮಿಲ್ಲಿನಿಂದ ಟೆಂಪೋ ತಂದಿದ್ದ. ಬೈಕನ್ನು ಅಲ್ಲಿಯ ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರಲ್ಲಿ ಶೈಲಶ್ರೀ ಇರಲಿಲ್ಲ. ಅವಳಿಗೆ ಆ ಬೈಕು ಬೇಕಿತ್ತು. ಆ ಮನೆಯಲ್ಲಿ ಈಗ ಬೇಕು ಅನ್ನಿಸುತ್ತಿದ್ದ ವಸ್ತು ಅದೊಂದೇ.

ಉಜ್ಜಿನಪ್ಪ ಕಪ್ಪು ಹೆಲ್ಮೆಟ್ಟಿನ ಗೀರುಗಳ ಮೇಲೆ ಬೆರಳಾಡಿಸಿದ. “ಇದನ್ನ ಹಿಂಗ ಅರೆದಿರೋ ಟ್ರ್ಯಾಕು ಮನುಷ್ಯಾರನ್ನ ಬಿಡ್ತೈತೇನು?”

“ಅಲ್ಲಿ ಗದ್ದದ ಪಟ್ಟಿ ಜಗ್ಗಿ ನೋಡದ ಯಾರನ್ನೂ ಒಳಗ ಬಿಡಂಗಿಲ್ಲ, ಭಾವಾರ. ಅಂಬುಲೆನ್ಸ್ ಬಾಗ್ಲಾಗ ನಿಂತಿರ್ತೈತಿ.”

“ಮಸ್ತ್ ಆತು ಬಿಡು. ಹೆಣಾ ಒಯ್ಯಾಕ ಅನುಕೂಲ.” ಮಾತು ಬಾಯಿಂದ ಬಿದ್ದ ಮೇಲೆ ಅವನೇ ತಲೆ ತಗ್ಗಿಸಿದ. “ಒಂದು ಹೊತ್ತೀವಿ. ಸಾಕವ್ವಾ.”

ಒಳಗಿನಿಂದ ಅತ್ತೆ ಕೊಟ್ರಬಸಮ್ಮ ಕೂಗಿದಳು. “ಜಲ್ದಿ ಸಾಗ್ಸಲೇ ಅದನ್ನ! ಟ್ರ್ಯಾಕ್ ಬ್ಯಾಡ, ಬ್ಯಾಡ ಅಂತ ನನ್ನ ಗಂಟಲು ಹರದು ಹೋತು. ಯಾರು ಕೇಳ್ಯಾರ?”

ಶೈಲಶ್ರೀ ಬೀಗದ ಕೈ ತರಲು ಅಡುಗೆಮನೆಗೆ ಹೋದಳು. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿತ್ತು. ಗಂಡಹೆಂಡಿರ ಜಗಳ ಬಾಯಿಂದ ಕಾಗದಕ್ಕೆ ಇಳಿದ ದಿನದ್ದು. ಎರಡು ಕೈಬರಹ. ಒಬ್ಬರು ಅಂಕಿ ಬರೆದಿದ್ದರು. ಟ್ರ್ಯಾಕ್: ವೇಗ ನೂರಿಪ್ಪತ್ತು, ಬಿದ್ದದ್ದು ಒಂಬತ್ತು, ಮುರಿದ ಮೂಳೆ ಒಂದು. ರಸ್ತೆ: ವೇಗ ಮೂವತ್ತು, ಬಿದ್ದದ್ದು ಸೊನ್ನೆ. ಇನ್ನೊಬ್ಬರು ಕೆಳಗೆ ಒಂದೇ ಸಾಲು ಬರೆದಿದ್ದರು. ‘ಟ್ರ್ಯಾಕಿನಲ್ಲಿ ಎಲ್ಲರೂ ಬೀಳಲು ತಯಾರಾಗಿಯೇ ಬಂದಿರುತ್ತಾರೆ.’ ಶೈಲಶ್ರೀ ಓದಿದ್ದು ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಬಂದವರೆಲ್ಲ ಅಂಕಿಗಳು ಅವಳವೆಂದೇ ತಿಳಿಯುತ್ತಿದ್ದರು.

ಬೈಕು ಟೆಂಪೋ ಏರಿತು. ಅವಳು ಬಿಳಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಮುಂದೆ ಕುಳಿತಳು. ಕಪ್ಪನೆಯದು ಇಬ್ಬರ ನಡುವೆ ಉರುಳಾಡುತ್ತಿತ್ತು.

ಕಂಪ್ಲಿ ರಸ್ತೆಯಲ್ಲಿ, ಕಮಲಾಪುರಕ್ಕೆ ಸ್ವಲ್ಪ ಮುಂಚೆ, “ಇಲ್ಲಿ ನಿಲ್ಲಿಸ್ರಿ,” ಅಂದಳು.

ದುರುಗಣ್ಣನ ಬೀಡಾ ಅಂಗಡಿ. ಗುಟ್ಕಾ ಸರಗಳ ಪಕ್ಕ ಆರು ಹೆಲ್ಮೆಟ್ ತೂಗುತ್ತಿದ್ದವು. ಏಳನೆಯ ಮೊಳೆ ಖಾಲಿ. ಮುಂದಿನ ತಿರುವಿನಲ್ಲಿ ಪೊಲೀಸರು ನಿಲ್ಲುತ್ತಾರೆ. ಬರಿದಲೆಯಲ್ಲಿ ಬಂದವರು ದುರುಗಣ್ಣನ ಹತ್ತಿರ ಒಂದು ಬೀಡಾ ಹಾಕಿಸಿಕೊಂಡು, ಒಂದು ಹೆಲ್ಮೆಟ್ ಇಸಿದುಕೊಂಡು ಅವರನ್ನು ದಾಟುತ್ತಾರೆ. ಮರಳುವಾಗ ಮೊಳೆಗೆ ತೂಗುಹಾಕಿ ಹೋಗುತ್ತಾರೆ. ಊರಿಗೆಲ್ಲ ಗೊತ್ತು. ಪೊಲೀಸರಿಗೂ ಗೊತ್ತು.

ದುರುಗಣ್ಣ ಬಿಳಿ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ.

“ಒಂದು ಗೀರೂ ಇಲ್ಲಲ್ಲವ್ವಾ.”

“ಇಲ್ಲ.”

“ಪೊಲೀಸ್ರನ್ನ ದಾಟಿದ್ದ ತಡ, ತಗದು ಸ್ಕೂಟರಿನ ಕೊಕ್ಕೆಗೆ ಸಿಗಿಸಿದ. ಇಲ್ಲಿಂದ ನೋಡಿದ್ನಿ. ಮೂವತ್ತರಾಗ ಹೊಂಟಿದ್ದ, ಪುಣ್ಯಾತ್ಮ. ಆ ಹೊಸಾ ರೋಡ್ ಹಂಪ್‌ಗೆ ಬಣ್ಣಾ ಬಳಿದಿದ್ದಿಲ್ಲ, ಕಾಣದ ಹಾರಿ ಬಿದ್ದ.” ದುರುಗಣ್ಣ ಮೂಗು ಒರೆಸಿಕೊಂಡ. “ನಾ ಕೊಟ್ಟಿದ್ದು ತಲಿಗೆ, ತಾಯಿ. ಕೊಕ್ಕೆಗಲ್ಲ.”

ಅವನು ಹೆಲ್ಮೆಟ್ಟನ್ನು ಏಳನೆಯ ಮೊಳೆಗೆ ಹಾಕಿದ. ಒಂದು ಗಳಿಗೆ ಬಿಟ್ಟು ಮತ್ತೆ ತೆಗೆದು ಹಲಗೆಯ ಕೆಳಗಿಟ್ಟ.

ಉಜ್ಜಿನಪ್ಪ ಟೆಂಪೋದಿಂದ ಇಳಿದಿರಲಿಲ್ಲ. ನಡುವೆ ಉರುಳುತ್ತಿದ್ದ ಕಪ್ಪು ಹೆಲ್ಮೆಟ್ಟನ್ನು ಎತ್ತಿಕೊಂಡು, ಅರೆದ ಜಾಗದಲ್ಲಿ ಹೆಬ್ಬೆಟ್ಟು ಇಟ್ಟು ಕುಳಿತಿದ್ದ. ಅವಳು ಬಾಗಿಲು ತೆಗೆದಾಗ ಅದನ್ನು ಅವಳ ಕೈಗೆ ಕೊಟ್ಟ.

“ಏರು ತಂಗಿ,” ಅಂದ. “ಮನಿಗೆ ಹೋಗೋಣು. ಗಾಡಿ ಇರ್ಲಿ.”

ಶೈಲಶ್ರೀ ಏರಿ ಕುಳಿತಳು. ಹೋದ ವರ್ಷ ಟ್ರ್ಯಾಕಿನಲ್ಲಿ ಒಂಬತ್ತನೆಯ ಸಲ ಬಿದ್ದು ಬಲ ಭುಜದ ಮೂಳೆ ಮುರಿದಾಗ, ಆ ಕಪ್ಪು ಹೆಲ್ಮೆಟ್ಟಿನ ಒಳಗೆ ಇದ್ದದ್ದು ಅವಳ ತಲೆ.