ನಡುದಾರಿಯಲ್ಲಿ ನಿಲ್ಲದ ಗಾಡಿ

“ಸುಳ್ಳು,” ಎಂದರು ಮಾವ. “ಈ ಗಾಡಿ ನಡುದಾರೀಲಿ ನಿಲ್ಲೋದಿಲ್ಲ.”

“ನಿಂತ್ಹೋಯ್ತು ಮಾವ,” ಎಂದಳು ಸೊಸೆ. “ಸರ್ಕಲ್ಲಿನ ಮಧ್ಯದಲ್ಲೇ. ಹಿಂದಿದ್ದವರೆಲ್ಲ ಹಾರ್ನ್ ಹೊಡೆದು ಕಿವಿ ತೂತು ಮಾಡಿದ್ರು.”

“ಹೋದ ವಾರ ದಿಬ್ಬದ ಮೇಲೆ. ಇವತ್ತು ಸರ್ಕಲ್ಲು. ನಾಳೆ ಎಲ್ಲಿ, ಷೋರೂಮಿನ ಮುಂದೇನಾ?”

ಷೋರೂಮಿನಲ್ಲೇ ಅವರ ಕೂದಲು ನೆರೆತದ್ದು. ನಿವೃತ್ತಿಯಾಗುವವರೆಗೂ ಮಾರಿದ್ದು ಈ ಒಂದೇ ಜಪಾನಿ ಕಾರನ್ನು. ಬಣ್ಣ ಮಾಸಬಹುದು, ಸೀಟು ಹರಿಯಬಹುದು, ಆದರೆ ಹೆಂಡತಿ ಮಕ್ಕಳನ್ನು ನಡುಬೀದಿಯಲ್ಲಿ ನಿಲ್ಲಿಸುವ ಗಾಡಿ ಇದಲ್ಲ ಎಂದು ಗಿರಾಕಿಗಳಿಗೆ ಮಾತು ಕೊಟ್ಟಿದ್ದರು. ಬೀದಿಯ ಅರ್ಧ ಜನ ಆ ಮಾತು ನಂಬಿ ಅದನ್ನೇ ಕೊಂಡಿದ್ದರು. ತಮ್ಮ ಹಳೆಯ ಗಾಡಿಯನ್ನು ಮಾತ್ರ ಅವರು ಮಗನ ಕೈಗೂ ಕೊಟ್ಟವರಲ್ಲ. ಸೊಸೆಗೆ ಕೊಟ್ಟರು. ಅವಳು ಓಡಿಸುವ ಚೆಂದದ ಮೇಲೆ ಅಷ್ಟು ನಂಬಿಕೆ.

ಈಗ ಎದುರುಮನೆಯವನು ಗೇಟಿನಾಚೆಯಿಂದ ಕೇಳುತ್ತಿದ್ದ: “ಏನ್ ಸಾರ್, ನಿಮ್ಮ ಐರಾವತ ಸರ್ಕಲ್ಲಲ್ಲಿ ಮಲಗಿತ್ತಂತೆ?”

ಮೆಕ್ಯಾನಿಕ್ ಇಡೀ ದಿನ ಇಟ್ಟುಕೊಂಡು ಬಿಚ್ಚಿ ನೋಡಿದ. “ಕಲ್ಲುಗುಂಡು ಸಾರ್. ನಮ್ಮಿಬ್ಬರನ್ನೂ ಮಣ್ಣು ಮಾಡಿ ಆಮೇಲೂ ಓಡತ್ತೆ” ಎಂದ.

ಹಾಗಾದರೆ ಕೆಟ್ಟಿದ್ದು ಗಾಡಿಯಲ್ಲ. ಗ್ಯಾರೇಜಿಗೆ ಒಯ್ಯಲೆಂದು ಮಾವ ಒಳಗೆ ಕೂರಲು ಹೋದಾಗಲೇ ತೊಡೆ ಸ್ಟೀರಿಂಗಿಗೆ ಸಿಕ್ಕಿಕೊಂಡಿತ್ತು. ಸೀಟನ್ನು ಯಾರೋ ಪೂರ್ತಿ ಮುಂದಕ್ಕೆ ಎಳೆದಿದ್ದರು. ಕನ್ನಡಿಯನ್ನು ಕೆಳಕ್ಕೆ ಬಾಗಿಸಿದ್ದರು. ಸೊಸೆಯೋ, ಅವರಷ್ಟೇ ಎತ್ತರ.

“ಅತ್ತೇನ ಮಂಡಿನೋವಿಗೆ ತೋರಿಸ್ತೀನಿ ಅಂತ ವಾರವಾರ ಕರ್ಕೊಂಡು ಹೋಗ್ತೀಯ. ಅವಳನ್ನ ಡಾಕ್ಟರ ಹತ್ರ ಕೂರಿಸಿ ನೀನು ಹೋಗೋದೆಲ್ಲಿಗೆ? ನಿನ್ನ ಜಾಗದಲ್ಲಿ ಕೂತ ಆ ಕುಳ್ಳ ಯಾರು?”

ಸೊಸೆಯ ಮುಖ ಕೆಂಪಾಯಿತು. ತಲೆ ತಗ್ಗಲಿಲ್ಲ. “ಹೇಳಲ್ಲ. ಮಾತು ಕೊಟ್ಟಿದೀನಿ.”

“ನೀನಾದ್ರೂ ಬಾಯಿ ಬಿಡೇ,” ಎಂದು ಮಾವ ಹೆಂಡತಿಯ ಕಡೆ ತಿರುಗಿದರು. “ಜೊತೇಲೇ ಹೋಗ್ತೀಯ. ಏನೂ ಕಾಣ್ಲಿಲ್ವಾ?”

“ನನಗೇನು ಕಾಣತ್ತೆ? ನನ್ನ ಕಣ್ಣೆಲ್ಲ ರಸ್ತೆ ಮೇಲೆ,” ಎಂದ ಅತ್ತೆ ಎದ್ದು ಹೊರಗೆ ಹೋದರು. ಅವರು ಎಂದೂ ಜಗಳಕ್ಕೆ ನಿಂತವರಲ್ಲ.

ಮಾವ ಅಂಗೈ ಚಾಚಿದರು. “ಈ ಗಾಡಿ ಯಾವತ್ತೂ ಕೈ ಕೊಟ್ಟಿಲ್ಲ. ಕೊಟ್ಟಿದ್ದು ನೀನು. ಕೀ ಇಲ್ಲಿಡು. ಇನ್ಮೇಲೆ ಅದನ್ನ ಮುಟ್ಟಬೇಡ. ಸಂಜೆ ನಿನ್ನ ಗಂಡ ಬರಲಿ, ಎಲ್ಲಾ ಅವನ ಮುಂದೇನೇ ಆಗ್ಲಿ.”

“ಆಗ್ಲಿ ಮಾವ. ಆದ್ರೆ ಕೀ ನನ್ನ ಹತ್ರ ಇಲ್ಲ.”

ಹೊರಗೆ ಎಂಜಿನ್ ಸದ್ದಾಯಿತು. ಗಾಡಿ ಗಕ್ಕನೆ ಮುಂದಕ್ಕೆ ಹಾರಿತು. ನಿಂತಿತು. ತಮ್ಮ ಕಿವಿಯಾರೆ ಕೇಳಿದ ಮಾವ ಬರಿಗಾಲಲ್ಲೇ ಓಡಿದರು.

“ಗಾಡಿಗೇನೂ ಆಗಿಲ್ಲ ಕಣ್ರೀ,” ಎಂದರು ಅತ್ತೆ, ಸ್ಟೀರಿಂಗಿನ ಹಿಂದಿನಿಂದ, ಮತ್ತೆ ಕೀ ತಿರುಗಿಸುತ್ತ. “ಕ್ಲಚ್ ಬೇಗ ಬಿಟ್ಟೆ. ಗೇಟು ತೆಗೀರಿ.”