ಗ್ರೀಕ್ ರಾಜನಿಗೆ ಕೂಲಿಂಗ್ ಗ್ಲಾಸ್

"ಕದ್ದವರು ಯಾರೇ ಆಗಲಿ, ಸಂಘದಿಂದ ಹೊರಗೆ ಹಾಕಬೇಕು. ನಾಳೆ ಕಳ್ಳ ನಾನೇ ಅಂತಾದರೂ ಸರಿ!"

ಹಿತೇಶ್ ಮೇಜು ಗುದ್ದಿದ. ಚಹಾದ ಲೋಟಗಳು ಕುಣಿದವು.

ಸಂಕಪ್ಪ ಶೆಟ್ಟರಿಗೆ ಸಿಟ್ಟು ಬಂತು. ಮೇಜು ಅವರದು, ಲೋಟ ಅವರದು, ಪಂಪ್‌ವೆಲ್‌ನ ಈ ಹೋಟೆಲೂ ಅವರದೇ. ಚಿತ್ರ ನಿರ್ಮಾಪಕರ ಸಂಘದ ಅಧ್ಯಕ್ಷಗಿರಿ ಒಪ್ಪಿಕೊಂಡ ತಪ್ಪಿಗೆ ಇಂಥ ಪಂಚಾಯಿತಿಗಳನ್ನೆಲ್ಲ ತಮ್ಮ ಮೂರನೇ ಮಾಳಿಗೆಯಲ್ಲಿ ಸಹಿಸಬೇಕಾಗಿತ್ತು.

ಜಗಳ ಇಷ್ಟೆ. ಸಂಚಿತಾಳ ಮೊದಲ ದೊಡ್ಡ ಸಿನಿಮಾ ಶುಕ್ರವಾರ ತೆರೆಗೆ ಬರಬೇಕು. ಅದರ ಕಥೆ ತನ್ನದು, ಅತ್ತಾವರದ ಜ್ಯೂಸ್ ಅಂಗಡಿಯಲ್ಲಿ ತಾನು ಬಾಯಿಮಾತಿನಲ್ಲಿ ಹೇಳಿದ್ದನ್ನು ಅವಳು ಕದ್ದಳು ಎಂದು, ಟ್ರೇಲರ್ ನೋಡಿದ ಹಿತೇಶನ ದೂರು. ಅಲ್ಲ, ಕಾಲೇಜಿನಲ್ಲಿ ಓದಿದ ಗ್ರೀಕ್ ನಾಟಕದ ಎಳೆ ಹಿಡಿದು ಉಳಿದದ್ದನ್ನೆಲ್ಲ ತಾನೇ ಬರೆದೆ ಎಂದು ಅವಳ ವಾದ. ದೂರು ನಿಜವಾದರೆ ಸಿನಿಮಾ ನಿಲ್ಲುತ್ತದೆ, ಮೂರು ವರ್ಷದ ದುಡಿಮೆ ಮಣ್ಣುಪಾಲು.

ನಾಟಕಕ್ಕೂ ಸಿನಿಮಾಕ್ಕೂ ತಾಳೆ ನೋಡಲು ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕಿ ವಿನಿಫ್ರೆಡ್ ಮೇಡಂ ಬಂದಿದ್ದರು. ಅವರನ್ನೇ ಕರೆಸಿ ಎಂದು ಹಟ ಹಿಡಿದವನು ಹಿತೇಶ್. ಹಿಂದೆ ಸಂಚಿತಾಳ ಕಿರುಚಿತ್ರವೊಂದನ್ನು ಅವರು ಪತ್ರಿಕೆಯಲ್ಲಿ ಉಪ್ಪು ಖಾರ ಹಚ್ಚಿ ಹುರಿದದ್ದು ಅವನಿಗೆ ನೆನಪಿತ್ತು. ಸಂಘದಲ್ಲಿ ಯಾರೂ ಸಿನಿಮಾ ನೋಡಿರಲಿಲ್ಲ. ನಿನ್ನೆ ಮೇಡಂ ಒಬ್ಬರಿಗೇ ತೋರಿಸಿದ್ದರು.

"ಈಗ ಹಿತೇಶ್ ಹೇಳಿದ್ದುಂಟಲ್ಲ, ಅದೊಂದೇ ಗ್ರೀಕ್," ಎಂದರು ಮೇಡಂ, ಕನ್ನಡಕ ಒರೆಸುತ್ತ. "ನಾಟಕದ ರಾಜನೂ ಹೀಗೇ ಶುರು ಮಾಡುವುದು. ಊರಿಗೆ ಮಾರಿ ತಂದ ಪಾಪಿ ಯಾರೇ ಆಗಲಿ, ಗಡೀಪಾರು ಅಂತ. ಹುಡುಕುತ್ತಾ ಹೋದರೆ ಪಾಪಿ ಅವನೇ. ಓದುವಾಗ ಮೈ ನಡುಗ್ತದೆ. ಇವಳ ಸಿನಿಮಾ ನೋಡುವಾಗ ನನಗೆ ಆಕಳಿಕೆ ಬಂತು."

ಹಿತೇಶ್ ಕಿಸಕ್ಕೆಂದ. ಸಂಚಿತಾ ತಲೆ ತಗ್ಗಿಸಿದಳು.

"ಅಲ್ಲಿ ಇಡೀ ಊರಿಗೆ ಮಾರಿ. ಇಲ್ಲಿ ದೇರೆಬೈಲಿನ ಒಂದು ಫ್ಲ್ಯಾಟಿಗೆ ಕಾಮಾಲೆ! ಬಾವಿಗೆ ಗಲೀಜು ಬಿಟ್ಟವನನ್ನು ಫ್ಲ್ಯಾಟ್ ಸಂಘದ ಅಧ್ಯಕ್ಷ ಹುಡುಕ್ತಾನೆ. ಕೊನೆಗೆ ಅವನದ್ದೇ ಹೋಟೆಲಿನ ಪೈಪು. ಅಂಥಾ ನಾಟಕವನ್ನು ತಂದು ಚರಂಡಿಗೆ ಹಾಕಿದ್ದಾಳೆ. ಈ ಚರಂಡಿ ಯಾರ ತಲೆಯದ್ದು?"

"ನನ್ನದು ಮೇಡಂ!" ಎಂದ ಹಿತೇಶ್.

ಶೆಟ್ಟರು ಕುರ್ಚಿಯಲ್ಲಿ ಸರಿದು ಕೂತರು. ಹೋಟೆಲ್ ಪೈಪಿನ ಸುದ್ದಿ ಅವರಿಗೆ ಅಷ್ಟು ಹಿಡಿಸಲಿಲ್ಲ.

"ಅಲ್ಲಿ ಸತ್ಯ ನುಡಿಯುವವನು ಕುರುಡ ಮುದುಕ. ಇಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಅಜ್ಜಿ. ಸತ್ಯ ಹೇಳುವ ಮೊದಲು ಅವಳಿಗೊಂದು ಹಾಡು ಬೇರೆ."

"ಅಜ್ಜಿ ನನ್ನದೇ ಮೇಡಂ."

"ಹಾಡು?"

"ಹಾಡೂ!"

"ಕೊನೆಗೆ ರಾಜ ತನ್ನ ಕಣ್ಣು ತಾನೇ ಕಿತ್ತುಕೊಳ್ತಾನೆ. ಇವಳ ಅಧ್ಯಕ್ಷ ಕೂಲಿಂಗ್ ಗ್ಲಾಸ್ ಹಾಕಿ ದುಬೈ ವಿಮಾನ ಹತ್ತುತ್ತಾನೆ. ಎರಡೂವರೆ ಸಾವಿರ ವರ್ಷದಲ್ಲಿ ನಾವು ಸಾಧಿಸಿದ್ದು ಇದು."

"ಅದೂ ನಾನೇ ಹೇಳಿದ್ದು," ಎಂದು ಹಿತೇಶ್ ಎದೆಯುಬ್ಬಿಸಿದ.

ಬೈಗುಳ ತಿನ್ನಲು ಇಷ್ಟು ಆತುರಪಡುವವನನ್ನು ಶೆಟ್ಟರು ಕಂಡಿರಲಿಲ್ಲ. ಆದರೆ ಅದರಿಂದಲೇ ಅವರಿಗೆ ಅವನ ಮೇಲೆ ನಂಬಿಕೆ ಹುಟ್ಟಿತು. ಸ್ವಂತದ್ದಲ್ಲದಿದ್ದರೆ ಇಂಥ ಕಸವನ್ನು ಯಾರಾದರೂ ತನ್ನದು ಅನ್ನುತ್ತಾರೆಯೇ?

"ಇನ್ನು ಆ ಗಿಳಿ," ಮೇಡಂ ಮೂಗು ಮುರಿದರು. "ಆ ನಾಟಕದಲ್ಲಿ ಗಿಳಿಯೂ ಇಲ್ಲ, ಎಂತದೂ ಇಲ್ಲ. ಇಲ್ಲಿ ಫ್ಲ್ಯಾಟಿನವರ ಮೀಟಿಂಗಿನ ನಡುವೆ ಪಂಜರದ ಗಿಳಿ ಅಪರಾಧಿಯ ಹೆಸರು ಕೂಗ್ತದೆ. ಈ ದರಿದ್ರ ಗಿಳಿಯನ್ನು ಸಾಕಿದ್ದು ಯಾರು?"

ಸಂಚಿತಾ ದಡಕ್ಕನೆ ಎದ್ದಳು. "ಮೇಡಂ, ಎಂತ ಹೇಳ್ತಿದ್ದೀರಿ? ಗಿಳಿ..."

"ಕೂತುಕೋ. ಕ್ಲಾಸಿನಲ್ಲೂ ನಿನ್ನದು ಇದೇ ರೋಗ, ನಡುವೆ ಬಾಯಿ ಹಾಕುವುದು."

ಅವಳ ಕಣ್ಣಲ್ಲಿ ನೀರು ತುಂಬಿತು. ಕೂತಳು.

"ಗಿಳಿ ನೂರಕ್ಕೆ ನೂರು ನನ್ನದು!" ಹಿತೇಶನಿಗೆ ಈಗ ತಡೆಯೇ ಇರಲಿಲ್ಲ. "ಜ್ಯೂಸ್ ಅಂಗಡಿಯಲ್ಲಿ ಗಿಳಿಯ ಹಾಗೆ ಕೂಗಿ ಸಹ ತೋರಿಸಿದ್ದೆ. ಇವಳು ನಕ್ಕಿದ್ದಳು. ಈಗ ಹೇಳಲಿ, ಇಲ್ಲ ಅಂತ!"

ಶೆಟ್ಟರಿಗೆ ಇಷ್ಟು ಸಾಕಾಯಿತು. ಹುಡುಗಿಯನ್ನು ನೋಡಿದರೆ ಪಾಪ ಅನಿಸಿತು, ಆದರೆ ನ್ಯಾಯ ನ್ಯಾಯವೇ.

"ಬೇಸರ ಮಾಡಬೇಡ ಮಗಾ. ಶುಕ್ರವಾರದ್ದು ನಿಲ್ಲಿಸಲೇಬೇಕಾಗ್ತದೆ. ಕದ್ದವರನ್ನು ಸಂಘದಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ." ಅವರು ಮೇಡಂ ಕಡೆ ತಿರುಗಿದರು. "ನಿಮ್ಮದು ಇನ್ನೆಂತಾದರೂ ಉಂಟಾ?"

ಮೇಡಂ ಚೀಲ ಹೆಗಲಿಗೇರಿಸಿ ಎದ್ದರು.

"ಸಿನಿಮಾ ಕೆಟ್ಟದ್ದೇ ಶೆಟ್ರೇ, ಆದರೆ ಅದರಲ್ಲಿ ಗಿಳಿ ಇಲ್ಲ. ಅದನ್ನು ನಾನು ಈಗ ನಿಮ್ಮ ಲಿಫ್ಟಿನಲ್ಲಿ ಮೇಲೆ ಬರುವಾಗ ಸಾಕಿದ್ದು."