ಟೆಸ್ಟ್ ಡ್ರೈವಿಗೆ ಬಂದ ದಂಪತಿ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು, ಫೋನೂ ಬಂತು.

"ಹತ್ತು ಗಂಟೆಗೆ ಟೆಸ್ಟ್ ಡ್ರೈವ್ ಇದೆ. ಇಬ್ರೂ ಬನ್ನಿ."

ದುಬಾರಿ ಕಾರುಗಳ ಮೇಳದಲ್ಲಿ ಗಿರಾಕಿಗಳು ತುಂಬಿದಂತೆ ಕಾಣಲೆಂದು, ಶ್ರೀಮಂತ ದಂಪತಿಯಾಗಿ ಕಾರು ಓಡಿಸಿ ನೋಡುವುದೇ ಗಂಡ ಹೆಂಡತಿಯ ದಿನಗೂಲಿಯಾಗಿತ್ತು. ಅವಳ ಎಂ.ಎ.ಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಇದೂ ತಪ್ಪಿದರೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಗಂಡ ಸತ್ತನೆಂದರೆ ಅಶುಭವೆಂದು ಗೇಟಿನಿಂದಲೇ ಕಳಿಸುತ್ತಾರೆ ಎಂಬುದೂ ಅವಳಿಗೆ ಗೊತ್ತಿತ್ತು.

"ಎಲ್ರೀ ನಿಮ್ಮ ಹೀರೋ? ಹದಿನೈದು ದಿನದಿಂದ ಫೋನ್ ಎತ್ತಲ್ಲ!" ಹತ್ತು ಗಂಟೆಗೆ ಮೇಳದ ಗೇಟಿನಲ್ಲಿ ಮ್ಯಾನೇಜರ್ ರೇಗಿದ.

"ಅವರಿನ್ನು ಬರಲ್ಲ ಸಾರ್. ನಾನೊಬ್ಬಳೇ ಮಾಡ್ತೀನಿ."

"ಎರಡು ಕೋಟಿ ಕಾರು ನೋಡೋಕೆ ಹೆಂಗಸು ಒಬ್ಬಳೇ ಬಂದ್ರೆ ಯಾರಮ್ಮ ನಂಬ್ತಾರೆ?"

"ದಮ್ಮಯ್ಯ ಸಾರ್, ಒಳಗೆ ಸುಮ್ನೆ ಕೂತಿರ್ತೀನಿ. ಇಲ್ಲ ಅನ್ಬೇಡಿ."

ಅವನು ಅವಳ ಮುಖ ನೋಡಿದ. "ಹಣೆ ಯಾಕೆ ಬೋಳು? ಮೇಕಪ್ಪಿನವರ ಹತ್ರ ಕುಂಕುಮ ಇಸ್ಕೊಳ್ಳಿ." ಆಮೇಲೆ ಪಕ್ಕದಲ್ಲಿ ಬರೀ ಶರ್ಟಿನಲ್ಲಿ ನಿಂತಿದ್ದ ಹೊಸಬನನ್ನು ತೋರಿಸಿದ. "ಇವತ್ತಿಂದ ಇವರೇ ನಿಮ್ಮ ಯಜಮಾನ್ರು. ಅವನು ಇಸ್ಕೊಂಡು ಹೋಗಿದ್ದ ನಮ್ಮ ಕೋಟು ತಂದಿದೀರಾ, ಇಲ್ಲ ಅದನ್ನೂ ಹೊಡ್ಕೊಂಡು ಹೋದ್ನಾ?"

"ತಂದಿದೀನಿ ಸಾರ್."

ಕಾರಿನ ಕನ್ನಡಿಯಲ್ಲಿ ನೋಡಿಕೊಂಡು ಅವಳು ಕುಂಕುಮವಿಟ್ಟಳು. ಚೀಲದಿಂದ ಕೋಟು ತೆಗೆದು, ಕೊಡವಿ, ಹೊಸಬನಿಗೆ ತೊಡಿಸಿ ಕಾಲರ್ ಸರಿಮಾಡಿದಳು.

"ಬನ್ನೀಂದ್ರೆ, ಹೊತ್ತಾಯ್ತು," ಎಂದಳು.